ರಾತ್ರಿ ಹತ್ತಕ್ಕೆ ಎರಡು ಮಾತ್ರೆ: ಉಪಶಮನ ಆರೈಕೆ ಅಂದರೇನು, ನಮ್ಮಂಥ ದೇಶಗಳಲ್ಲಿ ಅದು ಯಾಕೆ ಸಿಗೋದಿಲ್ಲ

ನಮ್ಮ ದೊಡ್ಡಮ್ಮನನ್ನು ಆಸ್ಪತ್ರೆಯಿಂದ ಹನುಮಂತನಗರದ ಮನೆಗೆ ಕರೆತಂದ ದಿನ ಡಿಸ್ಚಾರ್ಜ್ ಚೀಟಿಯಲ್ಲಿ ನಾಲ್ಕು ಔಷಧಿಗಳಿದ್ದವು. ಬಿ.ಪಿ.ಗೆ ಒಂದು, ಗ್ಯಾಸ್ಟ್ರಿಕ್‌ಗೆ ಒಂದು, ಒಂದು ವಿಟಮಿನ್, ಇನ್ನೊಂದು ಪ್ಯಾರಾಸಿಟಮಾಲ್. ಸ್ತನದ ಕ್ಯಾನ್ಸರ್ ಆಗಲೇ ಬೆನ್ನುಮೂಳೆಗೆ ಹರಡಿತ್ತು. "ಇನ್ನು ಟ್ರೀಟ್‌ಮೆಂಟ್ ಏನೂ ಇಲ್ಲ, ಮನೇಲಿ ಚೆನ್ನಾಗಿ ನೋಡ್ಕೊಳ್ಳಿ" ಅಂದಿದ್ದರು. ಚೆನ್ನಾಗಿ ನೋಡಿಕೊಳ್ಳೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ.

ಹನ್ನೆರಡು ರಾತ್ರಿ ಅವರು ನಿದ್ದೆ ಮಾಡಲಿಲ್ಲ. ಮಗ್ಗುಲು ಬದಲಿಸಿದರೆ ಕೂಗಿಕೊಳ್ಳುತ್ತಿದ್ದರು. ಬೆಡ್‌ಶೀಟ್ ಬದಲಾಯಿಸೋಕೆ ಅತ್ತಿಗೆ ಹೆದರುತ್ತಿದ್ದರು. ಐವತ್ತು ವರ್ಷ ಜೊತೆಗೆ ಬಾಳಿದ ದೊಡ್ಡಪ್ಪ ದೇವರ ಮುಂದೆ ಕೂತು "ಬೇಗ ಕರ್ಕೊಂಡುಬಿಡಪ್ಪಾ" ಅಂತ ಬೇಡಿಕೊಳ್ಳೋದನ್ನು ನಾನೇ ಕೇಳಿಸಿಕೊಂಡೆ. ಹದಿಮೂರನೇ ದಿನ, ಪರಿಚಯದ ಡಾಕ್ಟರೊಬ್ಬರು ಹೇಳಿದ್ದರಿಂದ, ಇನ್ನೊಂದು ಕಡೆಯ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆಯ, ಓಪಿಡಿಗೆ ಹೋದೆವು. ಅಲ್ಲಿ ಜೋರಾದ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಶುರು ಮಾಡಿದರು. ಎರಡನೇ ರಾತ್ರಿ ದೊಡ್ಡಮ್ಮ ಆರು ಗಂಟೆ ಮಲಗಿದರು. ಬೆಳಿಗ್ಗೆ ಎದ್ದು ಮೊದಲು ಕೇಳಿದ್ದು ಕಾಫಿ.

ಆ ಮಾತ್ರೆಯ ಬೆಲೆ ಕೆಲವೇ ರೂಪಾಯಿ. ಅದನ್ನು ಮಾಡುವ ಅಫೀಮು ಬೆಳೆಯೋದು ನಮ್ಮ ದೇಶದ ಹೊಲಗಳಲ್ಲೇ. ಹಾಗಿದ್ದರೆ ಆ ಹನ್ನೆರಡು ರಾತ್ರಿ ಯಾಕೆ ಬೇಕಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಉಪಶಮನ ಆರೈಕೆಯ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲು, ಅದೇನು ಅನ್ನೋದು. ಪ್ಯಾಲಿಯೇಟಿವ್ ಅನ್ನೋ ಪದದ ಬೇರು ಲ್ಯಾಟಿನ್‌ನ ಪಾಲಿಯಂ. ಮೈಗೆ ಹೊದೆಯುವ ಬಟ್ಟೆ ಅಂತ ಅದರ ಅರ್ಥ. ಹೊರಗಿನ ಚಳಿ ನಿಲ್ಲಿಸೋಕೆ ಆಗೋದಿಲ್ಲ, ಆದರೆ ಚಳಿಯಲ್ಲಿ ಕೂತವರಿಗೆ ಕಂಬಳಿ ಹೊದಿಸಬಹುದು, ಅಲ್ವಾ? ಕಾಯಿಲೆ ವಾಸಿಯಾಗಲಿ, ಆಗದಿರಲಿ, ಅದರಿಂದ ಬರುವ ನೋವು, ಉಸಿರಾಟದ ಕಷ್ಟ, ವಾಂತಿ, ಹಾಸಿಗೆ ಹುಣ್ಣು, ಭಯ, ಮನೆಯವರ ಸುಸ್ತು ಇವೆಲ್ಲವನ್ನೂ ನೋಡಿಕೊಳ್ಳುವ ವೈದ್ಯಕೀಯ ಇದು. ಇದಕ್ಕೆ ತರಬೇತಿ ಬೇಕು, ಔಷಧಿ ಬೇಕು, ಲೆಕ್ಕಾಚಾರ ಬೇಕು. ಸುಮ್ನೆ ತಲೆ ಸವರಿ ಸಮಾಧಾನ ಹೇಳಿದರೆ ಆಗೋದಿಲ್ಲ.

ಈ ಕಾಲದ ಉಪಶಮನ ಆರೈಕೆಗೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಅವರು ಮೊದಲು ನರ್ಸ್ ಆಗಿದ್ದರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಹಾಸ್ಪೈಸ್ ಅಂದರೆ ವಾಸಿಯಾಗದ ಕಾಯಿಲೆ ಇದ್ದವರನ್ನು ನೋಡಿಕೊಳ್ಳುವ ಆರೈಕೆಮನೆ. ಅವರು ಕೊಟ್ಟ ದೊಡ್ಡ ವಿಚಾರ 'ಟೋಟಲ್ ಪೇನ್', ಅಂದರೆ ಇಡಿಯಾದ ನೋವು. ರೋಗಿಯ ನೋವಿಗೆ ನಾಲ್ಕು ಮುಖ ಇವೆ: ದೇಹದ್ದು, ಮನಸ್ಸಿನದ್ದು, ಸಂಸಾರ ಮತ್ತು ದುಡ್ಡಿನದ್ದು, ದೇವರು ಮತ್ತು ಬದುಕಿನ ಅರ್ಥಕ್ಕೆ ಸಂಬಂಧಿಸಿದ್ದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಔಷಧಿ ಕೊಟ್ಟರೆ ಪೂರ್ತಿ ಹಿಡಿಯೋದಿಲ್ಲ.

ಇದು ಪುಸ್ತಕದ ಮಾತು ಅಂತ ನನಗೂ ಅನ್ನಿಸಬಹುದಿತ್ತು, ಮನೆಗೆ ಬಂದ ನರ್ಸ್ ಕೆಲಸ ಮಾಡೋದನ್ನು ನೋಡದೇ ಹೋಗಿದ್ದರೆ. ಮಾರ್ಫಿನ್ ಶುರುವಾದ ಮೇಲೂ ದೊಡ್ಡಮ್ಮನಿಗೆ ಸಂಜೆ ಹೊತ್ತು ನೋವು ಜಾಸ್ತಿ ಆಗುತ್ತಿತ್ತು. ನಾವು ಮಾತ್ರೆ ಸಾಲದು ಅಂದುಕೊಂಡೆವು. ನರ್ಸ್ ಹಾಸಿಗೆ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, "ಅಮ್ಮಾ, ಸಂಜೆ ಏನು ಯೋಚನೆ ಬರುತ್ತೆ?" ಅಂತ ಕೇಳಿದರು. ಮಗ ಬ್ಯಾಂಕಿನಲ್ಲಿ ಒಡವೆ ಅಡ ಇಟ್ಟಿದ್ದು, ಮೊಮ್ಮಗಳ ಫೀಸು ಬಾಕಿ ಇದ್ದದ್ದು ದೊಡ್ಡಮ್ಮನಿಗೆ ಗೊತ್ತಿತ್ತು. ಮಗ ಆಫೀಸಿಂದ ಬರುವ ಹೊತ್ತಿಗೆ ಅವನ ಮುಖ ನೋಡೋಕೆ ಆಗದೆ ಸಂಕಟಪಡುತ್ತಿದ್ದರು. ಅವತ್ತು ರಾತ್ರಿ ಅಣ್ಣ ಲೆಕ್ಕದ ಪುಸ್ತಕ ತಂದು ಅಮ್ಮನ ಪಕ್ಕ ಕೂತ. ಎಲ್ಲವನ್ನೂ ತೋರಿಸಿದ. ಸಂಜೆಯ ನೋವು ಆ ವಾರವೇ ಇಳಿಯಿತು. ಮಾತ್ರೆ ಅಷ್ಟೇ ಇತ್ತು.

ಜನ ಮಾಡುವ ದೊಡ್ಡ ತಪ್ಪು ತಿಳಿವಳಿಕೆ ಎಂದರೆ ಇದು ಸಾಯುವವರಿಗೆ ಮಾತ್ರ, ಅದೂ ಕ್ಯಾನ್ಸರ್ ಇದ್ದವರಿಗೆ ಮಾತ್ರ ಅನ್ನೋದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಈ ಆರೈಕೆ ಬೇಕಾದ ವಯಸ್ಕರಲ್ಲಿ ಶೇ. 38.5 ಮಂದಿಗೆ ಇರೋದು ಹೃದಯ ಮತ್ತು ರಕ್ತನಾಳದ ಕಾಯಿಲೆ. ಕ್ಯಾನ್ಸರ್ ಶೇ. 34, ಅದರ ನಂತರ. ಶ್ವಾಸಕೋಶದ ಹಳೇ ಕಾಯಿಲೆ, ಏಡ್ಸ್, ಸಕ್ಕರೆ ಕಾಯಿಲೆ, ಕಿಡ್ನಿ ವೈಫಲ್ಯ, ಮರೆವಿನ ಕಾಯಿಲೆ ಎಲ್ಲ ಈ ಪಟ್ಟಿಯಲ್ಲಿವೆ. ವರ್ಷಕ್ಕೆ 5 ಕೋಟಿ 68 ಲಕ್ಷ ಜನರಿಗೆ ಇದು ಬೇಕು. ಅವರಲ್ಲಿ ಬದುಕಿನ ಕೊನೆಯ ವರ್ಷದಲ್ಲಿರುವವರು 2 ಕೋಟಿ 57 ಲಕ್ಷ. ಅಂದರೆ ಅರ್ಧಕ್ಕಿಂತ ಹೆಚ್ಚು ಜನರ ಮುಂದೆ ಇನ್ನೂ ಬದುಕು ಇದೆ.

2010ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಒಂದು ಅಧ್ಯಯನ ಬಂತು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳು. ಅರ್ಧ ಜನರಿಗೆ ಕಾಯಿಲೆ ಗೊತ್ತಾದ ಸ್ವಲ್ಪ ದಿನದಲ್ಲೇ ಮಾಮೂಲಿ ಚಿಕಿತ್ಸೆಯ ಜೊತೆಗೆ ಉಪಶಮನ ಆರೈಕೆಯನ್ನೂ ಕೊಟ್ಟರು. ಉಳಿದವರಿಗೆ ಬರೀ ಮಾಮೂಲಿ ಚಿಕಿತ್ಸೆ. ಮೊದಲ ಗುಂಪಿನವರ ಖಿನ್ನತೆ ಕಡಿಮೆ ಇತ್ತು, ಕೊನೆಯ ದಿನಗಳಲ್ಲಿ ಜೋರಾದ ಚಿಕಿತ್ಸೆಗೆ ಒಳಗಾದವರೂ ಅವರಲ್ಲಿ ಕಡಿಮೆ. ಆದರೂ ಅವರು ಬದುಕಿದ್ದು ಜಾಸ್ತಿ. ಮೊದಲ ಗುಂಪಿನ ಮಧ್ಯಮ ಆಯಸ್ಸು (ಗುಂಪಿನ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಅಂತ ಅರ್ಥ) 11.6 ತಿಂಗಳು, ಎರಡನೆಯದರದು 8.9. ಉಪಶಮನ ಆರೈಕೆಗೆ ಒಪ್ಪಿಕೊಂಡರೆ ಆಸೆ ಬಿಟ್ಟ ಹಾಗೆ ಅಂತ ಯಾರಾದರೂ ಹೇಳಿದರೆ ಅವರಿಗೆ ಈ ಅಧ್ಯಯನದ ವಿಷಯ ಹೇಳಿ.

ಈಗ ದೇಶಗಳ ಮಾತಿಗೆ ಬರೋಣ. ಆರೈಕೆ ಬೇಕಾದ ವಯಸ್ಕರಲ್ಲಿ ಶೇ. 78 ಮಂದಿ ಇರೋದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಇಡೀ ಜಗತ್ತಿನಲ್ಲಿ ಬೇಕಾದವರ ಪೈಕಿ ಸಿಗುತ್ತಿರೋದು ಸುಮಾರು ಶೇ. 14 ಮಂದಿಗೆ. 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ಮಾರ್ಫಿನ್ ಮತ್ತು ಅದರ ಥರದ ಔಷಧಿಗಳ ಲೆಕ್ಕ ತೆಗೆಯಿತು. ಜಗತ್ತಿಗೆ ಹಂಚಿಕೆಯಾಗುತ್ತಿದ್ದದ್ದು ವರ್ಷಕ್ಕೆ 298.5 ಟನ್. ಅದರಲ್ಲಿ ತೀರಾ ಬಡ ದೇಶಗಳಿಗೆ ಹೋಗುತ್ತಿದ್ದದ್ದು 0.1 ಟನ್. ಬರೀ ನೂರು ಕೆಜಿ! ಭಾರತಕ್ಕೆ ಸಿಗುತ್ತಿದ್ದದ್ದು ಅಗತ್ಯದ ಶೇ. 4 ಮಾತ್ರ. ಈ ಕೊರತೆ ತುಂಬೋಕೆ ಬೇಕಾಗುವ ಔಷಧಿಯ ಖರ್ಚು, ಒಳ್ಳೆಯ ದರದಲ್ಲಿ ಕೊಂಡರೆ, ಇಡೀ ಜಗತ್ತಿಗೆ ವರ್ಷಕ್ಕೆ 14.5 ಕೋಟಿ ಡಾಲರ್ ಎಂದು ಆಯೋಗ ಅಂದಾಜು ಮಾಡಿತ್ತು. ದೇಶಗಳ ಬಜೆಟ್‌ಗಳ ಮುಂದೆ ಇದು ತೀರಾ ಸಣ್ಣ ಮೊತ್ತ. ಹಾಗಾಗಿ ಬಡತನ ಒಂದೇ ಕಾರಣ ಅಂದರೆ ನಾನು ಒಪ್ಪೋದಿಲ್ಲ.

ನಮ್ಮ ದೇಶದಲ್ಲಿ ಏನಾಯಿತು ನೋಡಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಅಫೀಮಿನ ಗಿಡ ಬೆಳೆಯುತ್ತಾರೆ. ನಮ್ಮ ಅಡುಗೆಮನೆಯ ಗಸಗಸೆ ಅದೇ ಗಿಡದ ಬೀಜ. ಕಾಯಿಯನ್ನು ಗೀರಿ ತೆಗೆದ ಹಾಲು ಒಣಗಿದರೆ ಅಫೀಮು. ಅದು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಬಹಳ ವರ್ಷಗಳಿಂದ ನಮ್ಮ ಅಫೀಮು ಬೇರೆ ದೇಶಗಳ ಔಷಧಿ ಕಂಪನಿಗಳಿಗೂ ರಫ್ತಾಗಿದೆ.

1985ರಲ್ಲಿ ಮಾದಕ ವಸ್ತು ತಡೆ ಕಾಯ್ದೆ ಬಂತು. ಎನ್‌ಡಿಪಿಎಸ್ ಅಂತ ಕರೆಯೋದು ಅದನ್ನೇ. ಕಳ್ಳಸಾಗಣೆ ತಡೆಯುವ ಉದ್ದೇಶ ಸರಿಯಾಗೇ ಇತ್ತು. ಆದರೆ ಕನಿಷ್ಠ ಹತ್ತು ವರ್ಷ ಜೈಲು ಅನ್ನುವ ಶಿಕ್ಷೆಯ ಭಯ ಔಷಧಿ ಅಂಗಡಿಗೂ ತಟ್ಟಿತು, ಆಸ್ಪತ್ರೆಗೂ ತಟ್ಟಿತು. ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ಹಲವು ಪರವಾನಗಿಗಳು ಒಟ್ಟಿಗೇ ಚಾಲ್ತಿಯಲ್ಲಿರಬೇಕಿತ್ತು. ಒಂದು ಕೈಗೆ ಬರೋ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಸುಮಾರು ಒಂದು ದಶಕದಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿಯಿತು. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಆ ಹೊತ್ತಿನಲ್ಲಿ ಓದಿದ ಎಷ್ಟೋ ವೈದ್ಯರು ಮಾರ್ಫಿನ್ ಮಾತ್ರೆಯನ್ನು ಕಣ್ಣಿಂದಲೂ ನೋಡದೆ ಡಿಗ್ರಿ ಪಡೆದರು. ನೋಡದ ಔಷಧಿಯನ್ನು ಯಾರು ಧೈರ್ಯವಾಗಿ ಬರೆಯುತ್ತಾರೆ? 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಈಗ ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ಮಾನ್ಯತೆ ಪಡೆದರೆ ಸಾಕು. ಆದರೂ ಬಹಳ ಆಸ್ಪತ್ರೆಗಳು ಆ ಮಾನ್ಯತೆ ಪಡೆಯೋಕೆ ಹೋಗಿಲ್ಲ. ಕಾನೂನು ಸಡಿಲವಾದರೂ ಭಯ ಅಷ್ಟು ಬೇಗ ಹೋಗೋದಿಲ್ಲ.

ಮನೆಯವರ ಭಯವೂ ಅಷ್ಟೇ ಗಟ್ಟಿ. 'ಚಟ ಹತ್ತುತ್ತೆ', 'ಮಾರ್ಫಿನ್ ಕೊಟ್ಟರೆ ಮುಗೀತು ಅಂತ ಅರ್ಥ' ಅನ್ನುವ ಮಾತು ನಮ್ಮ ಮನೆಯಲ್ಲೂ ಬಂತು. ಅಮೆರಿಕದಲ್ಲಿ ಇಂಥ ಔಷಧಿಗಳನ್ನು ಕಂಪನಿಗಳು ಎಗ್ಗಿಲ್ಲದೆ ಮಾರಿದ್ದರಿಂದ ದೊಡ್ಡ ಅನಾಹುತ ಆಗಿದ್ದು ನಿಜ. ಆದ್ದರಿಂದಲೇ ರಿಜಿಸ್ಟರ್, ಲೆಕ್ಕ, ತರಬೇತಿ ಬೇಕು. ಇವೆಲ್ಲ ಇದ್ದಾಗ ಏನಾಗುತ್ತದೆ ಅನ್ನೋದಕ್ಕೆ ಪಕ್ಕದ ಕೇರಳದಲ್ಲೇ ಪುರಾವೆ ಇದೆ. ಕಲ್ಲಿಕೋಟೆಯಲ್ಲಿ ಎರಡು ವರ್ಷದಲ್ಲಿ 1,723 ರೋಗಿಗಳಿಗೆ ಮನೆಗೇ ಮಾರ್ಫಿನ್ ಕೊಟ್ಟು ಕಳುಹಿಸಿದ್ದರು. ದುರ್ಬಳಕೆಯ, ಕಳ್ಳದಾರಿ ಹಿಡಿದ ಒಂದು ಪ್ರಕರಣವೂ ಕಾಣಲಿಲ್ಲ ಎಂದು 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿಯಾಯಿತು.

ಮಾತ್ರೆ ಕೊಡುವ ರೀತಿಯನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಅಲ್ಲೇ ಎಷ್ಟೋ ಜನ ಎಡವುತ್ತಾರೆ. ನೋವು ಬಂದ ಮೇಲೆ ಕೊಡೋದಲ್ಲ, ಗಡಿಯಾರ ನೋಡಿ ಕೊಡೋದು. ಮಾಮೂಲಿ ಮಾರ್ಫಿನ್ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ ಇರುತ್ತದೆ. ಹಾಗಾಗಿ ನಮ್ಮ ಮನೆಯ ಪಟ್ಟಿ ಹೀಗಿತ್ತು: ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ರಾತ್ರಿ ಹತ್ತಕ್ಕೆ ಮಾತ್ರ ಎರಡು ಮಾತ್ರೆ, ನಡುರಾತ್ರಿ ಎಬ್ಬಿಸಬಾರದು ಅಂತ. ಮೊದಲ ಎರಡು ಮೂರು ದಿನ ಮಂಪರು ಇರುತ್ತದೆ, ಆಮೇಲೆ ಹೋಗುತ್ತದೆ. ಮಲಬದ್ಧತೆ ಮಾತ್ರ ಹೋಗೋದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಜೊತೆಗೆ ಬರೆಯುತ್ತಾರೆ. ಎಷ್ಟು ಮಿಲಿಗ್ರಾಂ ಅನ್ನೋದನ್ನು ಡಾಕ್ಟರೇ ನಿಧಾನವಾಗಿ ಏರಿಸುತ್ತಾರೆ. ಕಿಡ್ನಿ ಸರಿ ಇಲ್ಲದವರಿಗೆ ಲೆಕ್ಕವೇ ಬೇರೆ. ಎಲ್ಲ ನೋವಿಗೂ ಮಾರ್ಫಿನ್ ಬೇಕಿಲ್ಲ. ಸಣ್ಣ ನೋವಿಗೆ ಪ್ಯಾರಾಸಿಟಮಾಲ್ ಥರದ್ದು, ಅದಕ್ಕೆ ಬಗ್ಗದಿದ್ದರೆ ಮಧ್ಯದ ಔಷಧಿ, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮೂರು ಮೆಟ್ಟಿಲ ಏಣಿ ಹಾಕಿಕೊಟ್ಟಿತ್ತು. ದೊಡ್ಡಮ್ಮನನ್ನು ಮೂರನೇ ಮೆಟ್ಟಿಲ ನೋವಿಟ್ಟು ಮೊದಲ ಮೆಟ್ಟಿಲ ಮಾತ್ರೆ ಕೊಟ್ಟು ಕಳುಹಿಸಿದ್ದರು. ಹನ್ನೆರಡು ರಾತ್ರಿಯ ಕಾರಣ ಅಷ್ಟೇ.

ದುಡ್ಡು ಕಡಿಮೆ ಇರುವ ಊರುಗಳಲ್ಲೂ ಈ ಕೆಲಸ ಆಗುತ್ತದೆ ಅಂತ ಮಾಡಿ ತೋರಿಸಿದವರಿದ್ದಾರೆ. 1993ರಲ್ಲಿ ಕಲ್ಲಿಕೋಟೆ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಶುರು ಮಾಡಿದರು. ರೋಗಿಗಳು ಅಲ್ಲಿಗೆ ಬರೋಕೆ ಬಸ್ ಚಾರ್ಜ್ ಇಲ್ಲ, ಬಂದರೆ ಕೂರೋಕೆ ಆಗೋದಿಲ್ಲ ಅನ್ನೋದು ಬೇಗ ಗೊತ್ತಾಯಿತು. ಹಾಗಾಗಿ ಆರೈಕೆಯೇ ಊರಿಗೆ ಹೋಯಿತು. ಮಲಪ್ಪುರಂ ಕಡೆಯಲ್ಲಿ ಊರಿನ ಜನರಿಗೇ ತರಬೇತಿ ಕೊಟ್ಟರು. ಯಾರ ಮನೆಯಲ್ಲಿ ರೋಗಿ ಇದ್ದಾರೆ, ಯಾರ ಮನೆಯಲ್ಲಿ ಅಕ್ಕಿ ಇಲ್ಲ, ಯಾರ ಮಗು ಶಾಲೆ ಬಿಟ್ಟಿದೆ ಅನ್ನೋದು ಡಾಕ್ಟರಿಗಿಂತ ಮೊದಲು ನೆರೆಯವರಿಗೆ ಗೊತ್ತಾಗುತ್ತದಲ್ಲ. ಖರ್ಚಿನ ಬಹುಪಾಲು ಸಣ್ಣ ಸಣ್ಣ ದೇಣಿಗೆಯಿಂದ ಬಂತು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿಯೇ ನೀತಿ ತಂದಿತು. ಈಗ ಪಂಚಾಯ್ತಿಯ ಮೂಲಕ ನರ್ಸ್ ಮನೆಗೆ ಬರುತ್ತಾರೆ.

ಆಫ್ರಿಕಾದ ಉಗಾಂಡದ ಕಥೆಯೂ 1993ರದ್ದೇ. ಡಾ. ಆ್ಯನ್ ಮೆರಿಮನ್ ಅಲ್ಲಿ ಹಾಸ್ಪೈಸ್ ಆಫ್ರಿಕಾ ಉಗಾಂಡ ಕಟ್ಟಿದರು. ಮಾರ್ಫಿನ್ ಪುಡಿಯನ್ನು ಶುದ್ಧ ನೀರಿನಲ್ಲಿ ಕಲಸಿ, ಕೆಡದಂತೆ ಮಾಡಿ, ಬಾಟಲಿಯಲ್ಲಿ ಕೊಡುವ ಕ್ರಮ ಮಾಡಿದರು. ಮಾತ್ರೆಗಿಂತಲೂ ಅಗ್ಗ. ಡಾಕ್ಟರುಗಳೇ ಕಡಿಮೆ ಇರುವ ದೇಶ ಅದು. 2004ರಲ್ಲಿ ವಿಶೇಷ ತರಬೇತಿ ಪಡೆದ ನರ್ಸುಗಳೂ ಮಾರ್ಫಿನ್ ಬರೆಯಬಹುದು ಎಂದು ಕಾನೂನು ಬದಲಿಸಿದರು. ನನಗೆ ಕೇರಳಕ್ಕಿಂತ ಈ ನಿರ್ಧಾರವೇ ಹೆಚ್ಚು ಧೈರ್ಯದ್ದು ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಪರಿಸ್ಥಿತಿ ಉಳಿದ ಕರ್ನಾಟಕಕ್ಕಿಂತ ಎಷ್ಟೋ ಮೇಲು. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಹುಟ್ಟಿತು. ಮೊದಲು ಮನೆ ಮನೆಗೆ ಹೋಗಿ ನೋಡುವ ಸೇವೆ, ಆಮೇಲೆ 1999ರಲ್ಲಿ ಮಾರತಹಳ್ಳಿ ಹತ್ತಿರ ಕರುಣಾಶ್ರಯ. ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಕಿದ್ವಾಯಿ, ಸೇಂಟ್ ಜಾನ್ಸ್, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗಳಲ್ಲೂ ಈ ಸೇವೆ ಇದೆ.

ತೊಂದರೆ ಶುರುವಾಗೋದು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ ಮೇಲೆ. ರಾಯಚೂರು, ಕೊಪ್ಪಳ, ಚಾಮರಾಜನಗರದಿಂದ ಕಿದ್ವಾಯಿಗೆ ಬಂದು, ಅಲ್ಲೇ ಅಕ್ಕಪಕ್ಕ ರೂಮು ಹಿಡಿದು, ತಿಂಗಳುಗಟ್ಟಲೆ ಇದ್ದು ಚಿಕಿತ್ಸೆ ಪಡೆದವರು ಕೊನೆಗೆ ಊರಿಗೇ ಹೋಗಬೇಕು. ಅಲ್ಲಿನ ಮೆಡಿಕಲ್ ಶಾಪ್‌ನಲ್ಲಿ ಮಾರ್ಫಿನ್ ಸಿಗೋದಿಲ್ಲ. ಚೀಟಿ ತೋರಿಸಿದರೆ ಅಂಗಡಿಯವರೇ ಗಾಬರಿಯಾಗುತ್ತಾರೆ. ಹತ್ತು ಹದಿನೈದು ದಿನದ ಮಾತ್ರೆಗಾಗಿ ಮನೆಯ ಒಬ್ಬರು ಕೂಲಿ ಬಿಟ್ಟು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ಹೋಗಬೇಕು. ಕರ್ನಾಟಕ 2016ರಲ್ಲೇ ಉಪಶಮನ ಆರೈಕೆಗೆ ನೀತಿ ರೂಪಿಸಿದೆ. ಸರ್ಕಾರದ ಆಯುಷ್ಮಾನ್ ಆರೋಗ್ಯ ಕೇಂದ್ರಗಳು ಕೊಡಬೇಕಾದ ಹನ್ನೆರಡು ಸೇವೆಗಳಲ್ಲಿ ಇದೂ ಒಂದು. ಕಾಗದದ ಮೇಲೆ ಇರೋದು ತಾಲೂಕು ಆಸ್ಪತ್ರೆಯ ಬೀರುವಿಗೆ ಬರಬೇಕು. ಪ್ರತಿ ತಾಲೂಕು ಆಸ್ಪತ್ರೆಗೂ ಮಾನ್ಯತೆ, ತರಬೇತಿಯಾದ ಒಬ್ಬ ಡಾಕ್ಟರ್, ಇಬ್ಬರು ನರ್ಸ್, ಓಡಾಡೋಕೆ ಒಂದು ಗಾಡಿ. ನಾನು ಅಧಿಕಾರಿಯಾಗಿದ್ದರೆ ಮೊದಲು ಇದನ್ನೇ ಮಾಡುತ್ತಿದ್ದೆ.

ಇನ್ನೊಂದು ಅಡ್ಡಿ ನಮ್ಮ ಮನೆಯೊಳಗೇ ಇದೆ. "ಅವರಿಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ" ಅಂತ ನಾವೂ ಹೇಳಿದ್ದೆವು. ಪ್ರೀತಿಯಿಂದಲೇ ಹೇಳಿದ್ದು. ಅದರ ಪರಿಣಾಮ ಏನು ಗೊತ್ತಾ? ಎಲ್ಲರೂ ಅವರ ಮುಂದೆ ನಾಟಕ ಆಡುತ್ತಿದ್ದೆವು, ಅವರೂ ನಮ್ಮ ಮುಂದೆ ಆಡುತ್ತಿದ್ದರು. ನರ್ಸ್ ನೇರವಾಗಿ ಏನೂ ಹೇಳಲಿಲ್ಲ. "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಅನ್ನಿಸ್ತಿದೆ ಅಮ್ಮಾ?" ಅಂತ ಕೇಳಿ ಸುಮ್ಮನೆ ಕೂತರು. ದೊಡ್ಡಮ್ಮ ನನ್ನ ಕಡೆ ತಿರುಗಿ, "ನಂಗೆಲ್ಲಾ ಗೊತ್ತು ಕಣೇ. ನೀವು ಹೆದರ್ಕೋತೀರ ಅಂತ ಸುಮ್ನಿದ್ದೆ" ಅಂದರು. ಆಮೇಲೆ ಅವರು ಕೇಳಿದ್ದು ಕಡಲೆಕಾಯಿ ಪರಿಷೆಗೆ ಕರ್ಕೊಂಡು ಹೋಗಿ ಅಂತ. ಕಾರ್ತಿಕದ ಕೊನೆ ಸೋಮವಾರಕ್ಕೆ ಹತ್ತು ದಿನ ಇತ್ತು. ಬೆಳಿಗ್ಗೆ ಹತ್ತರ ಮಾತ್ರೆ ನುಂಗಿಸಿ, ಜನ ಸೇರುವ ಮೊದಲೇ, ವೀಲ್‌ಚೇರಿನಲ್ಲಿ ಬುಲ್ ಟೆಂಪಲ್ ರಸ್ತೆಗೆ ಹೋದೆವು. ಎರಡರ ಮಾತ್ರೆ ಅತ್ತಿಗೆಯ ಪರ್ಸಿನಲ್ಲಿತ್ತು. ದೊಡ್ಡಮ್ಮ ಚೌಕಾಸಿ ಮಾಡಿ ಎರಡು ಸೇರು ಕಡಲೆಕಾಯಿ ಕೊಂಡರು.

ದಯಾಮರಣಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಸಾವನ್ನು ಹತ್ತಿರ ತರುವುದಾಗಲಿ, ದೂರ ತಳ್ಳುವುದಾಗಲಿ ಉಪಶಮನ ಆರೈಕೆಯ ಉದ್ದೇಶವಲ್ಲ. ವಾಸಿಯಾಗುವ ದಾರಿ ಇಲ್ಲದಾಗ ವೆಂಟಿಲೇಟರ್‌ನಂಥ ಆಸರೆ ಬೇಡ ಎಂದು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಆ ವಿಧಾನವನ್ನು ಸುಲಭ ಮಾಡಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಆಸರೆ ತೆಗೆದರೂ ನೋವಿನ ಆರೈಕೆ ನಿಲ್ಲಬಾರದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಗಂಭೀರ ಕಾಯಿಲೆ ಇದ್ದರೆ, ಕೊನೆಯ ಹಂತಕ್ಕೆ ಕಾಯಬೇಡಿ. ಚಿಕಿತ್ಸೆ ನಡೆಯುತ್ತಿರುವಾಗಲೇ "ಇಲ್ಲಿ ಪ್ಯಾಲಿಯೇಟಿವ್ ಕೇರ್ ಇದೆಯಾ, ಇಲ್ಲದಿದ್ದರೆ ಎಲ್ಲಿಗೆ ಬರೆದು ಕೊಡ್ತೀರಾ?" ಅಂತ ಕೇಳಿ. ಹೋಗುವಾಗ ಹಳೇ ರಿಪೋರ್ಟುಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು ಜೊತೆಗಿರಲಿ. ನೋವು ಯಾವ ಹೊತ್ತಿಗೆ, ಎಲ್ಲಿ, ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಎಷ್ಟು ಅಂತ ಎರಡು ದಿನ ಬರೆದಿಟ್ಟುಕೊಂಡು ಹೋದರೆ ಡಾಕ್ಟರಿಗೆ ತುಂಬಾ ಅನುಕೂಲ. ರೋಗಿ ಬರೋಕೆ ಆಗದಿದ್ದರೆ ಮನೆಗೆ ಬರುವ ತಂಡ ಇದೆಯಾ ಅಂತಲೂ ಕೇಳಿ. ಹಗಲು ರಾತ್ರಿ ನೋಡಿಕೊಳ್ಳುತ್ತಿರುವವರು, ಬಹಳಷ್ಟು ಮನೆಗಳಲ್ಲಿ ಅದು ಸೊಸೆಯೋ ಮಗಳೋ, ತಮ್ಮ ಬೆನ್ನುನೋವು, ನಿದ್ದೆಗೇಡಿನ ಬಗ್ಗೆಯೂ ಅಲ್ಲೇ ಹೇಳಬಹುದು. ಅವರನ್ನು ನೋಡಿಕೊಳ್ಳೋದೂ ಆ ತಂಡದ ಕೆಲಸವೇ.

ದೊಡ್ಡಮ್ಮ ಪರಿಷೆಯಾಗಿ ಮೂರು ವಾರಕ್ಕೆ ತೀರಿಕೊಂಡರು, ಮನೆಯಲ್ಲೇ, ಬೆಳಗಿನ ಜಾವ. ಉಳಿದ ಮಾರ್ಫಿನ್ ಮಾತ್ರೆಗಳನ್ನು ವಾಪಸ್ ಕೊಡಬೇಕು ಎಂದು ಮೊದಲೇ ಹೇಳಿದ್ದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ನಾನೇ ತೆಗೆದುಕೊಂಡು ಹೋದೆ. ನರ್ಸ್ ಒಂದೊಂದಾಗಿ ಎಣಿಸಿದರು. ಇಪ್ಪತ್ತಮೂರು. ರಿಜಿಸ್ಟರಿನಲ್ಲಿ ಬರೆದು ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, "ದೊಡ್ಡಪ್ಪ ಸರಿಯಾಗಿ ಊಟ ಮಾಡ್ತಿದ್ದಾರಾ? ರಾತ್ರಿ ಮಲಗ್ತಾರಾ?" ಅಂತ ಕೇಳಿದರು. ಇಲ್ಲ ಅಂದೆ. ಅದೇ ಫೈಲಿನ ಕೊನೆ ಹಾಳೆಯಲ್ಲಿ ದೊಡ್ಡಪ್ಪನ ಹೆಸರು ಬರೆದುಕೊಂಡು, ಮುಂದಿನ ಗುರುವಾರ ಮನೆಗೆ ಬರುತ್ತೇನೆ ಅಂದರು.